ಡೆಬಿಯನ್ ಹಾಕಿದ ಭಾನುವಾರ

ಪರಶುರಾಮ್ ಬಿಳಿಚೋಡಿನ ಪಶು ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದಿಂದ ಜಾನುವಾರು ಅಧಿಕಾರಿ. ಊರವರ ಬಾಯಲ್ಲಿ ಡಾಕ್ಟ್ರು. ಹುಟ್ಟಿದ್ದು ಕತ್ತಲಗೆರೆ, ಈಗ ಜಗಳೂರಿನಲ್ಲಿ ಬಾಡಿಗೆ ಮನೆ, ಒಬ್ಬನೇ. ನಲವತ್ತಾರು ದಾಟಿತ್ತು. ಮದುವೆ ಯಾವಾಗ ಎಂದು ಕೇಳುತ್ತಿದ್ದವರು ಕೇಳುವುದನ್ನು ಬಿಟ್ಟು ಬಹಳ ದಿನವಾಗಿತ್ತು.

ನೋಡಿದ ರೋಗದ ಫೋಟೊ ತೆಗೆದಿಡುವುದು ಅವನ ಅಭ್ಯಾಸ. ಕುರಿಯ ಬಾತ ತುಟಿ, ಎಮ್ಮೆಯ ಬಿರಿದ ಗೊರಸು, ಮೈತುಂಬ ಗಂಟೆದ್ದ ಹಸು. ಎರಡು ಫೋನು, ಆರು ಮೆಮೊರಿ ಕಾರ್ಡು ತುಂಬಿ, ಬೇಕಾದ ಚಿತ್ರ ಬೇಕಾದಾಗ ಸಿಗದಂತಾಯಿತು. ಮನೆಯಲ್ಲೇ ಒಂದು ಸರ್ವರ್, ಅಂದರೆ ಸದಾ ಆನ್ ಇರುವ ಕಂಪ್ಯೂಟರ್, ಇಟ್ಟುಕೊಂಡರೆ ಎಲ್ಲವೂ ಒಂದೇ ಕಡೆ ಇರುತ್ತದೆ ಎಂದು ಓದಿದ. ಹೊನ್ನಾಳಿಯಲ್ಲಿ ಒಂದು ಸೈಬರ್ ಸೆಂಟರ್ ಮುಚ್ಚುತ್ತಿದೆ, ಹಳೆ ಕಂಪ್ಯೂಟರ್ ಮಾರುತ್ತಾರೆ ಎಂದು ಗೊತ್ತಾಗಿ ಬಸ್ ಹತ್ತಿದ.

ಸೆಂಟರ್ ನಡೆಸುತ್ತಿದ್ದವಳು ಕಲ್ಪನಾ. ಐವತ್ತರ ಹತ್ತಿರದವಳು. ಅರ್ಧ ಖಾಲಿಯಾದ ಅಂಗಡಿಯಲ್ಲಿ ಕೂತು ವೈರುಗಳನ್ನು ಸುತ್ತಿಡುತ್ತಿದ್ದಳು. ಒಂದು ಮೆಷಿನ್ ಒರೆಸಿ, ಅದರ ಸೆಟ್ಟಿಂಗಿನಲ್ಲಿ ಏನೋ ಬದಲಾಯಿಸಿ, ಪೆನ್‌ಡ್ರೈವ್ ಜೊತೆ ಕೊಟ್ಟಳು.

"ಈ ಪೆನ್‌ಡ್ರೈವ್‌ನಾಗೆ ಮೂರು ಆಪರೇಟಿಂಗ್ ಸಿಸ್ಟಮ್ ಐತೆ ಡಾಕ್ಟ್ರೇ, ಯಾವುದಾದ್ರೂ ಒಂದು ಹಾಕ್ಕೋಬೇಕು. ಮೂರೂ ಓಪನ್ ಸೋರ್ಸ್, ಯಾರ ಲೈಸೆನ್ಸೂ ಬೇಕಾಗಿಲ್ಲ. ಉಬುಂಟು ಕಲಿಯಾಕೆ ಸಲೀಸು. ಇನ್ನೊಂದ್ರಾಗೆ ಎಲ್ಲಾ ಬ್ರೌಸರ್‌ನಾಗೆ ಕಾಣ್ತೈತೆ. ನನ್ನ ಕೇಳಿದ್ರೆ ಡೆಬಿಯನ್ ಹಾಕ್ರಿ. ಕರಿ ಪರದೆ, ನೋಡಾಕೆ ಚಂದ ಇಲ್ಲ. ಆದ್ರೆ ಒಂದ್ಸಲ ಕೂತ್ರೆ ವರ್ಷಗಟ್ಟಲೆ ನಿಮ್ಮ ತಂಟೆಗೆ ಬರಲ್ಲ."

ನಂಬರ್ ಕೊಟ್ಟು, ತೊಂದರೆ ಆದರೆ ಫೋನ್ ಮಾಡಿ ಎಂದಳು.

ಅವನು ಮೊದಲು ಉಬುಂಟು ಹಾಕಿದ. ಒಂದು ಕಡೆ ಸಿಕ್ಕಿಕೊಂಡಾಗ ಭಾನುವಾರ ಬೆಳಿಗ್ಗೆ ಫೋನ್ ಮಾಡಿದ. ಅವಳು ಸಾವಧಾನವಾಗಿ ಒಂದೊಂದೇ ಸಾಲು ಹೇಳಿಕೊಟ್ಟಳು, ನಡುವೆ ತುಂಗಭದ್ರೆಗೆ ನೀರು ಬಂದ ಸುದ್ದಿ ಹೇಳಿದಳು, ತಿಂಡಿ ಆಯ್ತಾ ಎಂದು ಕೇಳಿದಳು. ಅವನಿಗೆ ತಿಂಡಿ ಆಯ್ತಾ ಎಂದು ಯಾರಾದರೂ ಕೇಳಿ ಎಷ್ಟೋ ಕಾಲವಾಗಿತ್ತು.

ಮುಂದಿನ ಭಾನುವಾರ ಅದು ಸರಿ ಬರಲಿಲ್ಲ ಎಂದು ಅಳಿಸಿ, ಬ್ರೌಸರಿನದನ್ನು ಹಾಕಿದ. ಮತ್ತೆ ಫೋನ್. ಫೋಟೊಗಳು ಕಾರ್ಡುಗಳಲ್ಲಿ ಹಾಗೇ ಇದ್ದುದರಿಂದ ಅಳಿಸಲು ಹೆದರಿಕೆಯೂ ಇರಲಿಲ್ಲ. ಆಮೇಲೆ ಮತ್ತೆ ಉಬುಂಟು. ಹೀಗೆ ಆರು ಭಾನುವಾರ ಕಳೆದವು. ಶನಿವಾರ ಸಂಜೆಯೇ ಏನು ಕೇಳುವುದೆಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ.

ಏಳನೆಯ ಸಲ ಹೇಳಿದ, "ಮೇಡಂ, ಇದೂ ಬ್ಯಾಡ ಅನ್ಸುತ್ತೆ. ಕರೆಂಟ್ ಹೋಗಿ ಬಂದ್ರೆ ತಾನಾಗೇ ಆನ್ ಆಗಲ್ಲ."

"ಅದು ಸಿಸ್ಟಮ್ ಕೆಲಸ ಅಲ್ಲ ಡಾಕ್ಟ್ರೇ, ಮೆಷಿನ್ ಸೆಟ್ಟಿಂಗು. ನಿಮಗೆ ಕೊಡೋ ಮುಂಚೆ ನಾನೇ ಹಾಕಿದ್ದೆ. ಯಾವ ಸಿಸ್ಟಮ್ ಇದ್ರೂ ಅದು ಆನ್ ಆಗೇ ಆಗ್ತೈತೆ."

ಪರಶುರಾಮನ ಕೈಯಲ್ಲಿ ಚೀಟಿ ಇತ್ತು. ಅದನ್ನು ಮಡಚಿ ಪಕ್ಕಕ್ಕಿಟ್ಟ. "ಆಗ್ತೈತೆ," ಎಂದ. "ಹಾಕಿದ್ ಸಿಸ್ಟಮ್ ಎಲ್ಲಾ ಸರಿಯಾಗೇ ಇದ್ವು ಮೇಡಂ."

ಅವಳು ಬೈಯಲಿಲ್ಲ, ನಗಲೂ ಇಲ್ಲ. "ನನಗೂ ಅನುಮಾನ ಇತ್ತು," ಎಂದಳು. "ನಾಳೆ ಅಂಗಡಿ ಬೀಗ ಮಾಲೀಕರಿಗೆ ಕೊಡ್ತಿದೀನಿ. ನ್ಯಾಮತಿಗೆ ಹೋಗ್ತೀನಿ, ನಮ್ಮಕ್ಕ ಸಾವಂತ್ರಮ್ಮನ ಮನೆಗೆ. ಬರ್ರಿ, ನಾನು ಲೈನಾಗೆ ಇರೋವಾಗ್ಲೇ ಡೆಬಿಯನ್ ಹಾಕಿಬಿಡ್ರಿ."

ಎರಡು ತಾಸು ಹಿಡಿಯಿತು. ಅವಳು ಹೇಳಿದಂತೆ ಒತ್ತಿದ. ಎಲ್ಲ ಮುಗಿದಾಗ ಕರಿ ಪರದೆಯ ಮೇಲೆ ಅವನ ಹೆಸರು ಮೂಡಿತು. "ಆಯ್ತಲ್ಲ," ಎಂದು ಅವಳು ಫೋನ್ ಇಟ್ಟಳು. ಅವನು ನಾಚಿಕೆಯಿಂದ ಬಹಳ ಹೊತ್ತು ಅಲ್ಲೇ ಕೂತಿದ್ದ.

ಡೆಬಿಯನ್ ನಿಜವಾಗಿಯೂ ತಂಟೆಗೆ ಬರಲಿಲ್ಲ. ಕರೆಂಟ್ ಹೋಯಿತು, ಬಂತು, ಮೆಷಿನ್ ತಾನೇ ಎದ್ದಿತು. ಕಾರ್ಡುಗಳಲ್ಲಿದ್ದ ಹಳೆ ಫೋಟೊಗಳನ್ನೆಲ್ಲ ಅದಕ್ಕೆ ಹಾಕಿದ. ಸಂಜೆ ಮನೆಗೆ ಬರುತ್ತಿದ್ದಂತೆ ಫೋನಿನ ಚಿತ್ರಗಳು ತಾವೇ ಅದಕ್ಕೆ ಸೇರಿಕೊಳ್ಳುತ್ತಿದ್ದವು. ಭಾನುವಾರಗಳು ಉದ್ದವಾದವು. ಮೂಲೆಯಲ್ಲಿ ಅದರ ಫ್ಯಾನಿನ ಸದ್ದು, ಪಕ್ಕದ ಮನೆಯ ಟಿವಿ, ಅಷ್ಟೇ. ಎರಡು ಮೂರು ಸಲ ಅವಳ ನಂಬರ್ ತೆಗೆದು ನೋಡಿ, ಕೇಳಲು ಏನೂ ಇಲ್ಲದೆ ಫೋನನ್ನು ಕೆಳಗಿಟ್ಟ.

ನಾಲ್ಕು ತಿಂಗಳಾದ ಮೇಲೆ ಗೋಣೆಪ್ಪ ಎಂಬ ಕುರಿಗಾಹಿ ಬಾಯಿ ಬಾತ ಕುರಿಯನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ತಂದ. ಪರಶುರಾಮ್ ಮದ್ದು ಕೊಟ್ಟು ಕಳಿಸಿದ. ಸಂಜೆ ಮನೆಯಲ್ಲಿ ಹುಡುಕಿದರೆ ಎರಡೇ ನಿಮಿಷಕ್ಕೆ ಒಂಬತ್ತು ವರ್ಷದ ಹಿಂದಿನ ಫೋಟೊ ಸಿಕ್ಕಿತು. ಅದೇ ಗೋಣೆಪ್ಪನ ಹಿಂಡು, ಅದೇ ಬಾವು. ಚಿತ್ರದಲ್ಲಿ ಗೋಣೆಪ್ಪನ ತಲೆಗೂದಲು ಇನ್ನೂ ಕಪ್ಪಗಿತ್ತು. ಪರಶುರಾಮನಿಗೆ ಇದನ್ನು ಯಾರಿಗಾದರೂ ತೋರಿಸಬೇಕೆನಿಸಿತು. ಮನೆಯಲ್ಲಿ ಯಾರಿದ್ದರು? ಕಲ್ಪನಾಗೆ ಫೋನ್ ಮಾಡಿದ.

"ಏನ್ ಕೆಟ್ಟೈತೆ ಡಾಕ್ಟ್ರೇ?"

"ಏನೂ ಕೆಟ್ಟಿಲ್ಲ ಮೇಡಂ. ಸುಮ್ನೆ ಮಾಡ್ದೆ."

ಅವಳು ಫೋನ್ ಇಡಲಿಲ್ಲ. ಅವನು ಕುರಿಯ ವಿಷಯ ಹೇಳಿದ, ಫೋಟೊದ ವಿಷಯ ಹೇಳಿದ.

"ಕುರಿ ಬದುಕ್ತಾ?"

"ಇನ್ನೂ ಗೊತ್ತಿಲ್ಲ. ನಾಡಿದ್ದು ಮತ್ತೆ ಕರ್ಕೊಂಡು ಬರ್ತಾನೆ."

"ಇಲ್ಲಿ ಮಾತಾಡಾಕೆ ಯಾರೂ ಇಲ್ಲ," ಎಂದಳು ಅವಳು ಇದ್ದಕ್ಕಿದ್ದಂತೆ. "ಅಕ್ಕಂಗೆ ಕಿವಿ ಕೇಳ್ಸಲ್ಲ." ಒಳಗಿನಿಂದ ಯಾರೋ ಜೋರಾಗಿ ಕರೆದರು. "ಇಡ್ತೀನಿ, ಅಕ್ಕ ಕರೀತಾಳೆ."

ಮತ್ತೆ ಮಾಡಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಪರಶುರಾಮ್ ರೊಟ್ಟಿ ಬಿಸಿ ಮಾಡಿಕೊಂಡು ಉಂಡ. ಅವಳು ಕೇಳಿದ ಆ ಕುರಿಗೆ ಹೆಂಗೈತೆ ಎಂದು ಕೇಳಲು ಗೋಣೆಪ್ಪನಿಗೆ ಫೋನ್ ಮಾಡಿದ. ನಾಡಿದ್ದಿನವರೆಗೆ ಕಾಯಬಹುದಿತ್ತು, ಕಾಯಲಿಲ್ಲ.