ಒರೆಶ್ಕಿನ್ ಸಾಹೇಬರು ಹಾರನ್ ಹೊಡೆಯುವುದಿಲ್ಲ

೧
ಹೇಗೆ ಶುರು ಮಾಡುವುದು? ‘ಪೀಟರ್ಸ್‌ಬರ್ಗಿನಲ್ಲಿ ಹಿಮ ಬೀಳುತ್ತಿತ್ತು’ ಎನ್ನಲೇ? ನಾನು ಹಿಮ ನೋಡಿದ್ದು ಫ್ರೀಜರಿನಲ್ಲಿ ಮಾತ್ರ. ಗಲ್ಫಿನ ಜುಫೈರಿನಲ್ಲಿ ಕೆಫೆಟೇರಿಯಾ ನಡೆಸುವ ಇದಿನಬ್ಬ ನಾನು. ಕಥಾನಾಯಕ ಒರೆಶ್ಕಿನ್, ಹತ್ತೊಂಬತ್ತನೇ ಶತಮಾನದ ರಷ್ಯಾದ ಅರ್ಥಶಾಸ್ತ್ರಜ್ಞ, ಹಣಕಾಸು ಖಾತೆಯ ಅಧಿಕಾರಿ. (ಗೂಗಲ್ ಮಾಡಬೇಡಿ. ನಾನೇ ಹುಟ್ಟಿಸಿದವನು.)

೨
‘ಜೀತದ ರೈತನನ್ನು ಬಿಟ್ಟುಬಿಡಿ. ತನ್ನಿಷ್ಟಕ್ಕೆ ದುಡಿಯುವ ಕೈ ಹೆಚ್ಚು ಬೆಳೆ ತೆಗೆಯುತ್ತದೆ’ ಎಂದು ಒರೆಶ್ಕಿನ್ ವರದಿಯಲ್ಲಿ ಬರೆದ. ಜಮೀನ್ದಾರರು ಉರಿದುಬಿದ್ದರು. ಮಂತ್ರಿ ಕರೆಸಿ ಹೇಳಿದ: “ಆ ಸಾಲು ತೆಗೆದರೆ ಬಡ್ತಿ. ಇಟ್ಟರೆ ಮನೆಗೆ.”

ಅಷ್ಟರಲ್ಲಿ ಹೊರಗೆ ಹಾರನ್.

(ಇಲ್ಲಿ ಹಾಗೆಯೇ. ಗಿರಾಕಿ ಕಾರಿನಿಂದ ಇಳಿಯುವುದಿಲ್ಲ. ಹಾರನ್ ಹೊಡೆದರೆ ಚಹಾ ಹಿಡಿದು ಓಡಬೇಕು.)

ನನ್ನಲ್ಲಿ ಚಹಾ ಮಾಡುವ ಇಜಾಝ್ ಓಡಿದ. ಆಗಸ್ಟ್ ಬಿಸಿಲು. ಕಳೆದ ವಾರ ಇದೇ ಓಟದಲ್ಲಿ ಕಣ್ಣುಕತ್ತಲೆ ಬಂದು ಬಿದ್ದಿದ್ದ.

೩
ಮೊದಲ ಡ್ರಾಫ್ಟ್: ಒರೆಶ್ಕಿನ್ ಸಾಲು ಅಳಿಸಿದ, ಬಡ್ತಿ ಪಡೆದ.

ನನ್ನ ಹೆಂಡತಿ ಮೈಮೂನ ಓದಿದಳು. “ಎಂತದು ಇದು? ನಿಮ್ಮ ರಷ್ಯದವನಿಗೆ ಬೆನ್ನುಮೂಳೆ ಇಲ್ವಾ?”

“ಅವನಿಗೂ ಹೆಂಡತಿ ಮಕ್ಕಳುಂಟು ಮಾರಾಯ್ತಿ.”

“ಇಜಾಝ್‌ಗೆ ಇಲ್ವಾ?”

ಡ್ರಾಫ್ಟ್ ಹರಿದೆ.

೪
ಈಗ ಒರೆಶ್ಕಿನ್ ಹಾಳೆಯಿಂದ ತಲೆಯೆತ್ತಿದ. (ಪಾತ್ರಗಳಿಗೆ ಸಲಿಗೆ ಕೊಟ್ಟರೆ ಹೀಗೆಯೇ.) “ನನ್ನ ಕೈಯಲ್ಲಿ ಧೈರ್ಯ ಮಾಡಿಸುವುದು ಸುಲಭ, ಇದಿನಬ್ಬ. ನಿನ್ನ ಅಂಗಡಿಯಲ್ಲಿ ಹಾರನ್ ನಿಲ್ಲಿಸು ನೋಡೋಣ.”

“ಗಿರಾಕಿಗಳು ಪಕ್ಕದಂಗಡಿಗೆ ಹೋಗ್ತಾರೆ ಸಾಹೇಬ್ರೆ.”

“ನನ್ನ ಮಂತ್ರಿಯ ಮಾತೂ ಇದೇ ಧಾಟಿಯದು.”

೫
ಬೋರ್ಡು ಬರೆಸಿದೆ, ಅರಬಿಯಲ್ಲೂ ಇಂಗ್ಲಿಷಿನಲ್ಲೂ: ‘ಹಾರನ್ ಬೇಡ. ಒಳಗೆ ಬನ್ನಿ, ಎ.ಸಿ. ಇದೆ.’

ಮೊಳೆ ಹೊಡೆಯುತ್ತಾ ಇಜಾಝ್ ಕೇಳಿದ, “ಕಾಕ, ವ್ಯಾಪಾರ ಬಿದ್ರೆ ನನ್ನನ್ನು ತೆಗೀತೀರಾ?”

“ನಿನ್ನನ್ನು ತೆಗೆದರೆ ಚಹಾ ಯಾರು ಮಾಡುವುದು? ನಾನು ಮಾಡಿದ್ದನ್ನು ನಾನೇ ಕುಡಿಯುವುದಿಲ್ಲ.”

ನಕ್ಕ. ಆದರೂ ಸುತ್ತಿಗೆ ನಿಧಾನವಾಯಿತು.

೬
ಅಂತ್ಯಗಳು ಕೈಯಲ್ಲಿವೆ. ಒರೆಶ್ಕಿನ್ ಕೆಲಸ ಕಳೆದುಕೊಳ್ಳುತ್ತಾನೆ. ಅಥವಾ, ಕೆಲವು ವರ್ಷಗಳ ನಂತರ ಅದೇ ಸಾಲು ಕಾನೂನಾಗುತ್ತದೆ. ಯಾವುದು ಬೇಕು ಎಂದು ಅವನನ್ನೇ ಕೇಳಿದೆ.

“ಸಾಲು ಇಟ್ಟಾಗಿದೆ,” ಅಂದ. “ಉಳಿದದ್ದು ನಿನಗೆ ಬಿಟ್ಟದ್ದು. ಸಕ್ಕರೆ ಕಮ್ಮಿ.” ಹೋಗಿ ಎ.ಸಿ.ಯ ಕೆಳಗೆ ಕುಳಿತ.

ಅಗೋ, ಬಿಳಿ ಕಾರೊಂದು ನಿಂತಿತು. ದಿನದ ಗಿರಾಕಿ. ಕೈ ಸ್ಟೀರಿಂಗಿನ ಮೇಲಿದೆ, ಕಣ್ಣು ಬೋರ್ಡಿನ ಮೇಲಿದೆ. ಇಜಾಝ್ ಅಭ್ಯಾಸಬಲದಿಂದ ಒಂದು ಹೆಜ್ಜೆ ಇಟ್ಟು ನಿಂತ.

“ಮುಗಿಸಿ ಮಾರಾಯ್ರೆ,” ಅಂದಳು ಮೈಮೂನ.

ಹೇಗೆ ಮುಗಿಸಲಿ? ಕಾರಿನವನು ಇನ್ನೂ ಬೋರ್ಡು ಓದುತ್ತಿದ್ದಾನೆ. ಗ್ಲಾಸು ತೊಳೆದಿಟ್ಟಿದ್ದೇನೆ.