ಬಬಾಯಿ ಗುಂಡಿ

ಟೆಬೋವನ ಪಾಲಿಗೆ ಬಂದದ್ದು ಒಂದು ಪಟ್ಟಿ ನೆಲ. ಒಂದು ತುದಿಗೆ ದೊಡ್ಡ ಕಡಲು, ಇನ್ನೊಂದು ತುದಿಗೆ ಹವಳದ ದಿಬ್ಬ ಸುತ್ತುವರಿದ ಒಳಗಡಲು, ನಡುವೆ, ನೆಲದಡಿಯ ಸಿಹಿನೀರು ಸಿಗುವವರೆಗೆ ತೋಡಿ ಕೆಸುವಿನ ಜಾತಿಯ ಬಬಾಯಿ ಗೆಡ್ಡೆ ಬೆಳೆಯುವ ಗುಂಡಿ. ಕಿರಿಬಾಸ್ ದೇಶದ ಆ ದ್ವೀಪದಲ್ಲಿ ಎಲ್ಲರಿಗೂ ಅಷ್ಟೇ. ಗುಡ್ಡ ಗಿಡ್ಡ ಏನೂ ಇಲ್ಲ. ಎತ್ತರ ಬೇಕಾದವನು ತೆಂಗಿನ ಮರ ಹತ್ತಬೇಕು.

ಅವನ ಹೆಂಡತಿ ತಬೇತಾಳ ಗೋರಿ ಮನೆಯ ಪಕ್ಕದಲ್ಲೇ, ದೊಡ್ಡ ಕಡಲಿನ ಬದಿಗಿತ್ತು. ಈ ಹುಣ್ಣಿಮೆಯ ಉಬ್ಬರ ಗೋರಿಯ ಸುತ್ತಲಿನ ಹವಳದ ಕಲ್ಲುಗಳನ್ನು ಕಿತ್ತುಕೊಂಡು ಹೋಯಿತು. ಇನ್ನೊಂದು ಅಂಥದು ಬಂದರೆ ತಬೇತಾಳೂ ಹೋಗುತ್ತಾಳೆ.

“ಅಪ್ಪಾ, ಅಮ್ಮನ್ನ ಗುಂಡಿಗೆ ತರೋಣ,” ಎಂದಳು ಮಗಳು ಮೋಯಿಯಾ. “ಒಳಗಡಲ ಕಡೆನೂ ದಡ ಕುಸೀತಿದೆ. ಉಳಿದಿರೋ ಜಾಗ ಅದೊಂದೇ.”

“ತಲೆ ಕೆಟ್ಟಿದೆಯೇನೇ ನಿಂಗೆ? ಸಿಹಿನೀರಿರೋ ಕಡೆ ಯಾರಾದ್ರೂ ಹೂಳ್ತಾರಾ?”

“ಸಿಹಿನೀರು ಎಲ್ಲಿದೆ? ನೀನೇ ಕುಡಿದು ಹೇಳು.”

ಟೆಬೋವ ಮುಖ ಸಿಂಡರಿಸಿದ. ಗುಂಡಿಗೆ ಕಡಲು ನುಗ್ಗಿ ನೀರು ಕೆಟ್ಟದ್ದು ಊರಿಗೆಲ್ಲ ಗೊತ್ತಿತ್ತು, ಅವನದೊಂದೇ ಜಾಣಕುರುಡು. ಬಬಾಯಿಗೆ ಗೊಬ್ಬರವಾಗಿ ಯಾವ ಎಲೆ, ಯಾವಾಗ ಹಾಕಬೇಕೆಂಬುದು ಅಲ್ಲಿ ಮನೆಮನೆಯ ಗುಟ್ಟು. ಸಾಯುವ ಮುನ್ನ ತಬೇತಾ ತನ್ನ ತವರಿನ ಗುಟ್ಟನ್ನು ಅವನ ಕಿವಿಯಲ್ಲಿ ಉಸುರಿ, ಮೋಯಿಯಾ ಬೆಳೆದ ಮೇಲೆ ಅವಳಿಗೆ ಹೇಳು ಎಂದಿದ್ದಳು. ಮೋಯಿಯಾ ಬೆಳೆದು ಎರಡು ಮಕ್ಕಳ ತಾಯಿಯಾದರೂ ಅವನು ಬಾಯಿ ಬಿಟ್ಟಿರಲಿಲ್ಲ. ಹೇಳಿಬಿಟ್ಟರೆ ಹೆಂಡತಿಯ ಕೊನೆಯ ಮಾತೂ ಕೈಬಿಟ್ಟು ಹೋಗುತ್ತದೆಂಬ ಸಂಕಟ. ಬಬಾಯಿ ಗಿಡಗಳು ಹಳದಿಯಾಗಿ ಜೋತುಬಿದ್ದರೂ ಒಬ್ಬನೇ ಗುಂಡಿಗಿಳಿದು ಸೊಪ್ಪು ತುಂಬುತ್ತಿದ್ದ.

ಆ ಸಂಜೆ ಗುಂಡಿಗಿಳಿದು ಒಂದು ಗಿಡ ಕಿತ್ತ. ಕೊಳೆತ ಗೆಡ್ಡೆ ಹಾಗೇ ಕೈಗೆ ಕಿತ್ತುಬಂತು. ಬೊಗಸೆಯಲ್ಲಿ ನೀರು ತುಂಬಿ ಕುಡಿದ. ಉಗುಳಲಿಲ್ಲ, ನುಂಗಿದ.

“ಉಪ್ಪು,” ಎಂದ, ಮೇಲೆ ನಿಂತಿದ್ದ ಮಗಳಿಗೆ. “ನಿಮ್ಮಮ್ಮನ್ನ ಕರ್ಕೊಂಡು ಬರೋಣ.”

ಊರವರು ಗುಂಡಿಯನ್ನು ಅರ್ಧ ಮರಳಿನಿಂದ ತುಂಬಿದರು. ಹೊಸ ಚಾಪೆಯಲ್ಲಿ ಸುತ್ತಿದ ತಬೇತಾಳ ಮೂಳೆಗಳನ್ನು ಟೆಬೋವನೇ ಇಳಿಸಿದ. ಪ್ರಾರ್ಥನೆ ಮುಗಿದು ಮತ್ತೆ ಮರಳು ಬೀಳತೊಡಗಿದಾಗ ಅವನು ಮಗಳ ತೋಳು ಹಿಡಿದ.

“ಇಲ್ಲಿ ಬಾ. ಮೊದಲು ಯಾವ ಎಲೆ ಹಾಕ್ಬೇಕು ಅಂತ ಹೇಳ್ತೀನಿ.”

“ಈಗ್ಯಾಕಪ್ಪಾ? ಗುಂಡಿನೇ ಇಲ್ವಲ್ಲ.”

“ಹೇಳು ಅಂದಿದ್ಲು. ಗುಂಡಿ ಇದ್ರೆ ಮಾತ್ರ ಹೇಳು ಅಂದಿರ್ಲಿಲ್ಲ.”

ಮೋಯಿಯಾ ಸಲಿಕೆ ಕೆಳಗಿಟ್ಟು ಅಪ್ಪನ ಬಾಯಿಗೆ ಕಿವಿ ಕೊಟ್ಟಳು. ಪಕ್ಕದವರಿಗೆ ಕೇಳಿಸದ ಹಾಗೆ, ಒಂದೊಂದೇ ಎಲೆಯ ಹೆಸರನ್ನು ಅವನು ಪಿಸುಗುಟ್ಟಿದ.