ಹನ್ನೊಂದನೆಯ ಸ್ನಾನ

ಪಿರೇಯಸ್ ಬಂದರಿನಿಂದ ಹೊರಟ ಹಡಗು ಮೆಥಾನಾದ ಕಟ್ಟೆಗೆ ತಾಗುವ ಮೊದಲೇ ಊರಿನ ವಾಸನೆ ಬಂದು ಮೂಗಿಗೆ ತಾಗುತ್ತದೆ. ಗಂಧಕದ ಬಿಸಿನೀರಿನ ಬುಗ್ಗೆಗಳ, ಕೊಳೆತ ಮೊಟ್ಟೆಯಂಥ ವಾಸನೆ. ಬೋರ್ಡಿನ ಮೇಲೆ ಎಷ್ಟು ಚೆಂದವಾಗಿ ಮೆಥಾನಾ ಎಂದು ಬರೆದರೂ ಹಳಬರ ಬಾಯಲ್ಲಿ ಅದು ಇವತ್ತಿಗೂ ವ್ರೊಮೊಲಿಮ್ನಿಯೇ, ಅಂದರೆ ಗಬ್ಬುಕೆರೆ. ಹೊಸದಾಗಿ ಬಂದವರು ಕರವಸ್ತ್ರ ಹುಡುಕುತ್ತಾರೆ. ಅರ್ಗಿರೋ ಹುಡುಕಲಿಲ್ಲ. ಹದಿನೆಂಟು ಸೆಪ್ಟೆಂಬರ್ ತಿಂಗಳು ಗಂಡನ ಜೊತೆ ಇಲ್ಲಿಗೆ ಬಂದವಳು. ಇದು ಹತ್ತೊಂಬತ್ತನೆಯದು. ಈ ಸಲ ಒಬ್ಬಳೇ ಬಂದಿದ್ದಳು.

ಕಟ್ಟೆಯ ಮೇಲೆ ಇಳಿದವರು ಆರೇ ಜನ. ಉಳಿದ ಐವರನ್ನು ಕರೆದೊಯ್ಯಲು ಯಾರಾದರೂ ಬಂದಿದ್ದರು. ಅರ್ಗಿರೋ ತನ್ನ ಚೀಲವನ್ನು ತಾನೇ ಎತ್ತಿಕೊಂಡಳು. ಗಂಡ ಸ್ತಮಾತಿಸ್ ಇದ್ದಾಗ ಅವನ ಎರಡು ಟವೆಲು, ಮೂರು ಜೊತೆ ಚಪ್ಪಲಿ, ಪಗಡೆಯ ಮರದ ಪೆಟ್ಟಿಗೆ ಎಲ್ಲ ತುಂಬಿಕೊಂಡು, ದಾರಿಯುದ್ದಕ್ಕೂ ಗೊಣಗುತ್ತ ಬರುತ್ತಿದ್ದಳು. ಈಗ ಚೀಲದಲ್ಲಿ ಗೊಣಗುವಂಥದ್ದು ಏನೂ ಇರಲಿಲ್ಲ. ಬಾಡಿಗೆ ಕೋಣೆಯ ಯಜಮಾನಿ ರೂಢಿಯಂತೆ ಹಾಸಿಗೆಗೆ ಎರಡು ದಿಂಬು ಹಾಕಿಟ್ಟಿದ್ದಳು. ಅರ್ಗಿರೋಳ ಕಪ್ಪು ಉಡುಪು ನೋಡಿ ಒಂದನ್ನು ತೆಗೆಯಲು ಹೋದಳು. ಇರಲಿ ಬಿಡಿ ಎಂದಳು ಅರ್ಗಿರೋ.

ಅವಳು ಬಂದದ್ದು ಒಂದೇ ಒಂದು ಸ್ನಾನಕ್ಕೆ. ಅದೂ ತನ್ನದಲ್ಲ, ಗಂಡ ಉಳಿಸಿಹೋದ ಸ್ನಾನಕ್ಕೆ.

ಬಿಸಿನೀರಿನ ಬುಗ್ಗೆಯ ಸ್ನಾನ ಯಾವತ್ತೂ ಬೆಸಸಂಖ್ಯೆಯಲ್ಲೇ ಇರಬೇಕು. ಏಳು, ಒಂಬತ್ತು, ಹನ್ನೊಂದು, ಗಟ್ಟಿ ಜೀವವಾದರೆ ಇಪ್ಪತ್ತೊಂದು. ಸಮಸಂಖ್ಯೆಗೆ ನಿಲ್ಲಿಸಿದರೆ ಮಾಡಿದ್ದೆಲ್ಲ ನೀರುಪಾಲು, ಮೇಲೆ ಕೆಡುಕು ಬೇರೆ. ಯಾಕೆ ಎಂದು ಕೇಳಿದರೆ ಯಾರೂ ಹೇಳಲಾರರು. ಡಾಕ್ಟರುಗಳು ಇದನ್ನು ಕೇಳಿ ನಗುತ್ತಾರೆ, ಆದರೆ ಚೀಟಿ ಬರೆಯುವಾಗ ಅವರ ಪೆನ್ನೂ ಹತ್ತು ಎಂದು ಬರೆಯುವುದಿಲ್ಲ. ಅರ್ಗಿರೋ ಮತ್ತು ಸ್ತಮಾತಿಸ್ ಪ್ರತಿ ವರ್ಷ ಹನ್ನೊಂದು ದಿನ ಇರುತ್ತಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಅವಳು ಹೆಂಗಸರ ಬಾಗಿಲಿಗೆ, ಅವನು ಗಂಡಸರ ಬಾಗಿಲಿಗೆ. ಹತ್ತು ಗಂಟೆಗೆ ಇಬ್ಬರೂ ಒದ್ದೆ ತಲೆಯಲ್ಲಿ ಹೊರಗೆ ಸೇರುತ್ತಿದ್ದರು.

ಹೋದ ವರ್ಷ ಮಾತ್ರ ಹತ್ತು ಸ್ನಾನಕ್ಕೇ ಮುಗಿಸಿ ಊರಿಗೆ ಹೊರಟರು. ಹೊರಡಿಸಿದವಳು ಅರ್ಗಿರೋ. ಅವಳು ಹೊಲಿಗೆಯವಳು, ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ ಬಟ್ಟೆ ಹೊಲಿದುಕೊಡುತ್ತೇನೆ ಎಂದು ಮಾತು ಕೊಟ್ಟಿದ್ದಳು, ದಿನ ಸಾಲದಾಯಿತು. ಒಂದು ಉಳಿಯಿತಲ್ಲೇ ಎಂದ ಸ್ತಮಾತಿಸ್. ಎಂದವನು ನಕ್ಕು ಚೀಲ ಕಟ್ಟಿದ. ಫೆಬ್ರವರಿಯ ಒಂದು ಬೆಳಿಗ್ಗೆ ಬೂಟಿನ ದಾರ ಕಟ್ಟಲು ಬಗ್ಗಿದವನು ಮೇಲೆ ಏಳಲಿಲ್ಲ. ಹೃದಯ ನಿಂತಿತು ಎಂದರು ಡಾಕ್ಟರು. ಅರ್ಗಿರೋ ತಲೆಯಾಡಿಸಿದಳು, ಆದರೆ ನಂಬಲಿಲ್ಲ. ಅವಳ ಪ್ರಕಾರ ಅವನನ್ನು ಕೊಂದದ್ದು ಆ ಹತ್ತು, ಮತ್ತು ಹತ್ತಕ್ಕೆ ನಿಲ್ಲಿಸಿದವಳು ತಾನು. ತನ್ನದೂ ಹತ್ತೇ ಆಗಿತ್ತು, ತಾನು ಬದುಕಿ ಉಳಿದೆನಲ್ಲ ಎಂಬ ಯೋಚನೆ ಅವಳಿಗೆ ಸಮಾಧಾನ ಕೊಡಲಿಲ್ಲ. ಶಿಕ್ಷೆ ಎಂದರೆ ಇದೇ ಎಂದುಕೊಂಡಳು.

ಕೊನೆಗೆ ತಡೆಯಲಾರದೆ ತಮ್ಮ ಕೇರಿಯ ಪಾದ್ರಿಯ ಹತ್ತಿರ ಹೇಳಿಕೊಂಡಳು. ಸ್ನಾನ ಎಣಿಸುವುದೆಲ್ಲ ಮೂಢರ ಕೆಲಸ, ದೇವರಿಗೆ ಅದು ಬೇಕಿಲ್ಲ ಎಂದು ಆತ ಗದರಿದ. ಆಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿ, ಎಷ್ಟು ಆಗಿತ್ತು ಎಂದು ಕೇಳಿದ. ಹತ್ತು ಎಂದಾಗ ಗಡ್ಡ ನೀವಿಕೊಂಡ. ಅವತ್ತೇ ಅರ್ಗಿರೋ ನಿರ್ಧಾರ ಮಾಡಿದಳು. ಅವನ ಹೆಸರಿನಲ್ಲಿ ಆ ಒಂದನ್ನು ತಾನೇ ಮುಳುಗಿ ಮುಗಿಸಬೇಕು. ಸತ್ತವನು ಎದ್ದು ಬರುವುದಿಲ್ಲ, ನಿಜ. ಆದರೆ ಆಮೇಲೆ ರಾತ್ರಿ ಕಣ್ಣು ಮುಚ್ಚಬಹುದೇನೋ.

ಮರುದಿನ ಒಂಬತ್ತಕ್ಕೆ ಸ್ನಾನದ ಮನೆಯ ಮುಂದೆ ನಿಂತಳು. ಒಂದು ಕಾಲದಲ್ಲಿ ಅಲ್ಲಿ ಸರತಿ ಸಾಲು ರಸ್ತೆಯವರೆಗೂ ಬೆಳೆಯುತ್ತಿತ್ತು. ಈಗ ಬಾಗಿಲಿನ ಹಸಿರು ಬಣ್ಣ ಹಪ್ಪಳವೆದ್ದಿತ್ತು, ಒಳಗೆ ಯಾರ ದನಿಯೂ ಇರಲಿಲ್ಲ. ಹೆಂಗಸರ ಕಡೆಯನ್ನು ನೋಡಿಕೊಳ್ಳುವ ಗರೂಫಲ್ಯಾ ಸೊಂಟದಲ್ಲಿ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಹಸಿರು ಚೀಟಿಯೊಂದನ್ನು ಹರಿದು ಕೊಡುತ್ತ, ತಲೆ ಪೂರ್ತಿ ಎತ್ತದೆಯೇ ಅಂದಳು:

"ಬಂದ್ಯಾ, ಕಫೆಜೂ."

ಹದಿನೇಳು ವರ್ಷದಿಂದ ಅರ್ಗಿರೋಳನ್ನು ಸುಟ್ಟದ್ದು ಈ ಒಂದು ಪದ. ಕಫೆಜೂ ಎಂದರೆ ಕಾಫಿ ಕುಡಿದ ಬಟ್ಟಲಿನ ತಳದ ಗಸಿ ನೋಡಿ ಕಣಿ ಹೇಳುವವಳು. ಅರ್ಗಿರೋಳ ತಾಯಿ ಅದನ್ನೇ ಮಾಡಿ ಮಕ್ಕಳ ಹೊಟ್ಟೆ ಹೊರೆದವಳು. ಶಾಲೆಯಲ್ಲಿ ಹುಡುಗಿಯರು ಖಾಲಿ ಲೋಟ ಹಿಡಿದು ಬಂದು, ನನಗೆ ಎಂಥ ಗಂಡ ಸಿಗುತ್ತಾನೆ ಹೇಳೇ ಎಂದು ಇವಳನ್ನು ಅಳಿಸುತ್ತಿದ್ದರು. ದೊಡ್ಡವಳಾದ ಮೇಲೆ ಅವಳು ಈ ವಿಷಯವನ್ನು ಒಬ್ಬರೇ ಒಬ್ಬರಿಗೆ ಹೇಳಿದ್ದಳು, ಸ್ತಮಾತಿಸ್‌ಗೆ. ಎರಡನೆಯ ವರ್ಷ ಬಂದಾಗ ಈ ಊರಿನ ಹೆಂಗಸರು ಅವಳನ್ನು ಅದೇ ಪದದಿಂದ ಕರೆದರು. ಇವನೇ ಎಲ್ಲೋ ಬಾಯಿ ಬಿಟ್ಟಿದ್ದಾನೆ. ಅವನನ್ನು ಕೇಳಲಿಲ್ಲ. ಕೇಳಿ, ಅವನು ಹೌದು ಎಂದುಬಿಟ್ಟರೆ? ಅಂದಿನಿಂದ ಹೆಂಗಸರ ಗುಂಪಿಗೆ ಸೇರದೆ ಮೂಲೆಯ ತೊಟ್ಟಿ ಹಿಡಿದು, ಗೋಡೆ ನೋಡುತ್ತ ಸ್ನಾನ ಮುಗಿಸುತ್ತಿದ್ದಳು. ಪಿರೇಯಸ್ಸಿನವಳಿಗೆ ಜಂಬ ಎಂದು ಅವರು ಮೂಗು ಮುರಿದರು. ಹದಿನೆಂಟು ವರ್ಷ ಬಂದುಹೋದ ಊರಿನಲ್ಲಿ ಅವಳಿಗೆ ಒಬ್ಬ ಗೆಳತಿಯೂ ಆಗಲಿಲ್ಲ.

ಆದರೆ ಇವತ್ತು ಅವಳಿಗೆ ಮುಚ್ಚಿಟ್ಟುಕೊಳ್ಳುವ ಶಕ್ತಿ ಇರಲಿಲ್ಲ.

"ಬಟ್ಟಲು ನೋಡ್ತಿದ್ದೋಳು ನಮ್ಮಮ್ಮ, ನಾನಲ್ಲ," ಎಂದಳು. "ನಿಮಗ್ಯಾರು ಹೇಳಿದ್ರು ಅಂತಾನೂ ಗೊತ್ತು. ಅವನೀಗ ಮಣ್ಣಲ್ಲಿದ್ದಾನೆ. ಇನ್ನಾದ್ರೂ ಬಿಟ್ಬಿಡಿ."

ಗರೂಫಲ್ಯಾ ಈಗ ತಲೆ ಎತ್ತಿದಳು. ಕಪ್ಪು ಉಡುಪು ಕಂಡಿತು. ಎದ್ದು ನಿಂತು ಶಿಲುಬೆಯ ಗುರುತು ಮಾಡಿಕೊಂಡಳು. ಯಾವಾಗ, ಹೇಗೆ ಎಂದು ಕೇಳಿ ತಿಳಿದುಕೊಂಡಳು. ಕಣ್ಣು ಒರೆಸಿಕೊಂಡಳು, ಅದು ನಾಟಕವಾಗಿರಲಿಲ್ಲ. ಆಮೇಲೆ ಹುಬ್ಬು ಗಂಟಿಕ್ಕಿ ಕೇಳಿದಳು:

"ಅದ್ಸರಿ, ಯಾವ ಬಟ್ಟಲು? ಕಾಫಿ ಅಂಗಡಿಯೋನ ಹೆಂಡ್ತೀನ ಇನ್ನೇನಂತ ಕರೀತಾರೆ?"

"ಯಾವ ಅಂಗಡಿ?"

"ಅಗೋ, ಆ ಅಂಗಡಿ." ಗರೂಫಲ್ಯಾ ಬೀಗದ ಕೈಯಿಂದಲೇ ರಸ್ತೆಯಾಚೆ ತೋರಿಸಿದಳು. "ನೀನು ಒಳಗೆ ಹೋಗೋದೇ ತಡ, ನಿನ್ನ ಯಜಮಾನ್ರು ಅಲ್ಲಿ ಸೊಂಟಕ್ಕೆ ಬಟ್ಟೆ ಕಟ್ಕೊಂಡು ಕಾಫಿ ಕಾಸೋಕೆ ನಿಲ್ಲೋರು. ಅವರ ಚೀಟಿ ತಗೊಂಡು ಸಿದೆರಿಸ್ ಸ್ನಾನಕ್ಕೆ ಬರೋನು. ಹದಿನೆಂಟು ವರ್ಷಾನೂ ಹಿಂಗೇ ನಡೀತಲ್ಲೇ. ಊರಿಗೆಲ್ಲ ಗೊತ್ತು. ನಿಂಗೊತ್ತಿರ್ಲಿಲ್ವಾ?"

ಕಾಫಿಯವನ ಹೆಂಡತಿಯನ್ನೂ ಜನ ಕಫೆಜೂ ಎಂದೇ ರೇಗಿಸುತ್ತಾರೆ. ಹೊಸ ವಿಷಯವೇನಲ್ಲ, ಅರ್ಗಿರೋಗೂ ಗೊತ್ತಿದ್ದದ್ದೇ. ಆದರೆ ಆ ಪದ ಕಿವಿಗೆ ಬಿದ್ದಾಗಲೆಲ್ಲ ಅವಳು ತಾಯಿಯ ಬಟ್ಟಲಿನಾಚೆಗೆ ಯೋಚಿಸಿದ್ದೇ ಇಲ್ಲ.

ಮೊದಲು ಅವಳು ನಂಬಲಿಲ್ಲ. ದಿನಾ ಒದ್ದೆ ತಲೆಯಲ್ಲಿ ಬರುತ್ತಿದ್ದನಲ್ಲ ಎಂದಳು. ಅಂಗಡಿಯ ಹಿಂದೆ ನಲ್ಲಿ ಇದೆ ಎಂದಳು ಗರೂಫಲ್ಯಾ. ಆಗ ಅರ್ಗಿರೋಗೆ ಅವನ ಕೊರಳಿನ ಬೆಳ್ಳಿ ಸರ ನೆನಪಾಯಿತು. ಈ ನೀರಿಗೆ ಬೆಳ್ಳಿ ತಾಗಿದರೆ ಒಂದೇ ದಿನಕ್ಕೆ ಇದ್ದಿಲು ಕಪ್ಪು, ಅದಕ್ಕೇ ಹೆಂಗಸರೆಲ್ಲ ಓಲೆ ಬಿಚ್ಚಿಟ್ಟು ಇಳಿಯುತ್ತಾರೆ. ಸ್ತಮಾತಿಸ್ ಆ ಸರವನ್ನು ಬದುಕಿರುವಾಗ ಒಂದು ದಿನವೂ ಬಿಚ್ಚಲಿಲ್ಲ. ಶವಪೆಟ್ಟಿಗೆಯಲ್ಲಿ ಮಲಗಿಸುವಾಗ ಅವಳೇ ಬಿಚ್ಚಿದ್ದು. ಫಳಫಳ ಹೊಳೆಯುತ್ತಿತ್ತು.

ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಅವಳು ರಸ್ತೆ ದಾಟಿದಳು.

ಅಂಗಡಿಯಲ್ಲಿ ಗಿರಾಕಿಗಳು ಇರಲಿಲ್ಲ. ಎಪ್ಪತ್ತು ದಾಟಿದ ಸಿದೆರಿಸ್ ಕೋಲು ಊರಿಕೊಂಡು ಕುರ್ಚಿಯಿಂದ ಅರ್ಧ ಎದ್ದ, ಅವಳ ಉಡುಪು ನೋಡಿ ಮತ್ತೆ ಕೂತುಬಿಟ್ಟ. ಈ ತಿಂಗಳು ಬಂದ ಹಡಗನ್ನೆಲ್ಲ ಅವನು ಬಾಗಿಲಲ್ಲಿ ನಿಂತು ನೋಡಿದ್ದನಂತೆ. ಸ್ತಮಾತಿಸ್‌ಗೆ ತನ್ನ ಮೇಲೆ ಏನಾದರೂ ಬೇಜಾರೋ ಎಂದುಕೊಂಡಿದ್ದನಂತೆ. ಅವಳು ಕೇಳದಿದ್ದರೂ ಎಲ್ಲ ಹೇಳಿದ. ಮೊದಲ ವರ್ಷ, ಮೊದಲ ದಿನ, ಸ್ತಮಾತಿಸ್ ಗಂಡಸರ ಬಾಗಿಲಲ್ಲಿ ಇಣುಕಿ, ಹಬೆ ಮುಖಕ್ಕೆ ಹೊಡೆಯುತ್ತಲೇ ಹಿಂದಕ್ಕೆ ಬಂದು ಈ ಅಂಗಡಿಯಲ್ಲಿ ಕೂತನಂತೆ.

"ಹಡಗಿನ ಇಂಜಿನ್ ಕೋಣೇಲಿ ಮೂವತ್ತು ವರ್ಷ ಬೆಂದಿದ್ದೀನಿ, ಇನ್ನು ಚೀಟಿ ತಗೊಂಡು ಬೇರೆ ಬೇಯ್ಬೇಕಾ ಅಂದ್ರು," ಎಂದ ಸಿದೆರಿಸ್. "ಮನೇಲಿ ಹೇಳ್ಬಿಡಿ ಅಂದೆ. ನಾನು ಬೇಡ ಅಂದ್ರೆ ಅವಳೂ ಬರಲ್ಲ, ಅವಳ ಮಂಡಿಗೆ ಈ ನೀರು ಬೇಕು ಅಂದ್ರು. ಚೀಟಿ ನನ್ ಕೈಗಿಟ್ರು. ನನ್ ಸೊಂಟ ಆಗ್ಲೇ ಹೋಗಿತ್ತಮ್ಮಾ. ಅಂಗಡಿ ನೋಡ್ಕೊಳ್ಳೋಕೆ ನಂಗ್ಯಾರಿದ್ರು?"

ಅರ್ಗಿರೋಳ ಮಂಡಿ ಮೂರನೆಯ ವರ್ಷಕ್ಕೇ ಸರಿಹೋಗಿತ್ತು. ಆ ಗಬ್ಬು ನೀರು ಅವಳಿಗೂ ಸೇರುತ್ತಿರಲಿಲ್ಲ. ಅವನ ಬೆನ್ನಿಗೆ ಒಳ್ಳೆಯದು ಎಂದು ಮೂಗು ಹಿಡಿದು ಇಳಿಯುತ್ತಿದ್ದಳು, ಅಷ್ಟೆ. ಅದನ್ನು ಅವಳು ಸಿದೆರಿಸ್‌ಗೆ ಹೇಳಲಿಲ್ಲ. ಹೇಳಬೇಕಾದವನು ಇರಲಿಲ್ಲ.

ಹಾಗಾದರೆ ಹತ್ತೂ ಅಲ್ಲ, ಹನ್ನೊಂದೂ ಅಲ್ಲ, ಸ್ತಮಾತಿಸ್ ಒಂದು ಸ್ನಾನವನ್ನೂ ಮಾಡಿರಲಿಲ್ಲ. ಅವನನ್ನು ಅವಳು ಕೊಂದಿರಲಿಲ್ಲ. ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು, ಇಳಿಯಿತು ಕೂಡ. ಇಳಿದ ಜಾಗದಲ್ಲಿ ಏನೂ ಇರಲಿಲ್ಲ. ತಪ್ಪು ತನ್ನದು ಎನ್ನುವುದು ಏಳು ತಿಂಗಳು ಅವಳ ಜೊತೆಗೆ ಮಲಗಿತ್ತು, ಅವಳ ಜೊತೆಗೆ ಎದ್ದಿತ್ತು. ಅವನಿಗಾಗಿ ಮಾಡುವುದು ಇನ್ನೂ ಒಂದು ಬಾಕಿ ಇದೆ ಎಂಬ ಕಾರಣಕ್ಕೇ ಅವಳು ಹಡಗು ಹತ್ತಿದ್ದಳು. ಈಗ ಅದೂ ಇಲ್ಲ. ಅವಳಿಗೆ ಸ್ತಮಾತಿಸ್ ಸತ್ತದ್ದು ಇವತ್ತೇ ಎನ್ನಿಸಿತು. ಜೊತೆಗೆ ಸಿಟ್ಟೂ ಬಂತು. ಅವನು ಕಾಸಿದ ಕಾಫಿಯನ್ನು ಊರೆಲ್ಲ ಕುಡಿದಿತ್ತು, ಅವಳು ಒಂದು ದಿನವೂ ಕುಡಿದಿರಲಿಲ್ಲ.

ಸಿದೆರಿಸ್ ಕೋಲಿನ ತುದಿಯನ್ನು ನೆಲದ ಮೇಲೆ ತಿರುವಿದ. ಮುಖ ಕೆಂಪಾಗಿತ್ತು.

"ಹೋದ್ವರ್ಷದ್ದು ಹತ್ತಕ್ಕೆ ನಿಂತೋಯ್ತು," ಎಂದ ಕೊನೆಗೆ. "ಚಳಿಗಾಲ ಪೂರ್ತಿ ಈ ಸೊಂಟ ನನ್ನ ತಿಂದು ಹಾಕ್ತು. ಹೋಗಿ ಒಂದು ಮಾಡ್ಕೊಂಡ್ಬರ್ಬೋದಿತ್ತು. ಆದ್ರೆ ಅದು ಅವರ ಚೀಟಿ ಸ್ನಾನ. ಮುಂದಿನ್ವರ್ಷ ಬರ್ತೀನಿ, ಆಗ ಮುಗ್ಸೋಣ ಅಂದಿದ್ರು. ಅವರನ್ನ ಬಿಟ್ಟು ಮುಗ್ಸೋಕೆ ಮನಸ್ಸು ಬರ್ಲಿಲ್ಲ."

ಅರ್ಗಿರೋ ಅವನನ್ನೇ ನೋಡಿದಳು. ಸತ್ತ ಸುದ್ದಿ ತಿಳಿದು ಕಾಲು ಗಂಟೆಯಾಗಿಲ್ಲ, ಈ ಮುದುಕ ಕೂತು ಬೆಸ ಸಮ ಎಣಿಸುತ್ತಿದ್ದಾನೆ. ಇನ್ನು ಯಾರಾದರೂ ಆಗಿದ್ದರೆ ಎದ್ದು ಹೋಗುತ್ತಿದ್ದರು. ಆದರೆ ಏಳು ತಿಂಗಳು ಅದೇ ಲೆಕ್ಕ ಹಿಡಿದು ಕೂತಿದ್ದವಳು ಅವಳು. ಭೂಮಿಯ ಮೇಲೆ ಆ ಹತ್ತನ್ನು ಹೊತ್ತು ತಿರುಗಿದ ಇನ್ನೊಂದು ಜೀವ ಇದು. ಅವಳು ಮುಷ್ಟಿ ಬಿಚ್ಚಿ ಬೆವರಿಗೆ ಮೆತ್ತಗಾಗಿದ್ದ ಚೀಟಿಯನ್ನು ಮೇಜಿನ ಮೇಲೆ ಇಟ್ಟಳು.

"ಹೋಗಿ ಬನ್ನಿ. ಅಂಗಡಿ ನಾನು ನೋಡ್ಕೋತೀನಿ."

ಸಿದೆರಿಸ್ ಬೇಡ ಬೇಡ ಎನ್ನುತ್ತಲೇ ಟವೆಲು ಹುಡುಕಿದ. ಸಕ್ಕರೆ ಎಲ್ಲಿದೆ, ಕಾಫಿ ಕಾಸುವ ಉದ್ದ ಹಿಡಿಯ ಪಾತ್ರೆ ಎಲ್ಲಿದೆ ಎಂದು ತೋರಿಸಿದ. ಒಲೆ ಮೊದಲು ಆಚೆ ಗೋಡೆಯ ಹತ್ತಿರ ಇತ್ತು, ಎರಡನೆಯ ವರ್ಷ ಸ್ತಮಾತಿಸ್‌ನೇ ಎಳೆದು ತಂದು ಈ ಕಡೆ ಇಟ್ಟದ್ದು ಎಂದ. ಗಾಳಿ ಹೊಡೆದು ಉರಿ ಆರುತ್ತದೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ಯಾಕೆ ಎಂದು ಸಿದೆರಿಸ್‌ಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಕೋಲು ಕುಟ್ಟುತ್ತ ರಸ್ತೆ ದಾಟಿ, ಗಂಡಸರ ಕಡೆಗೆ ತಿರುಗಿ ಮರೆಯಾದ.

ಅರ್ಗಿರೋ ಮೊಳೆಗೆ ನೇತುಹಾಕಿದ್ದ ಬಟ್ಟೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಒಲೆಯ ಮುಂದೆ ನಿಂತಳು. ಎದುರಿಗೆ ಒಂದು ಸಣ್ಣ ಕಿಟಕಿ. ಅದರಲ್ಲಿ ಸಮುದ್ರ ಕಾಣುವುದಿಲ್ಲ, ಕಟ್ಟೆ ಕಾಣುವುದಿಲ್ಲ, ಗಂಡಸರ ಬಾಗಿಲೂ ಕಾಣುವುದಿಲ್ಲ. ಹೆಂಗಸರ ಬಾಗಿಲು ಒಂದು ಮಾತ್ರ ಕಾಣುತ್ತದೆ.

ಅವಳು ಉರಿಯನ್ನು ಕೈ ಅಡ್ಡ ಹಿಡಿದು ಕಾಪಾಡಿಕೊಂಡು ಒಂದು ಕಾಫಿ ಕಾಸಿದಳು. ಕುಡಿಯಲಿಲ್ಲ. ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದರೂ ಹತ್ತು ಗಂಟೆಯಾಗುವವರೆಗೂ ಆ ಬಾಗಿಲಿನಿಂದ ಕಣ್ಣು ಕೀಳಲಿಲ್ಲ.